ಕೂತಿರುವ ಬೊಂಬೆಗೆ ನಿಂತಿದ್ದವಳ ಅರಿಕೆ

ಹಿತ್ತಾಳೆ ಮೊಳೆಗಳ ಮಖಮಲ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಹಳದಿ ದೀಪದ ಬೆಳಕಿನಲ್ಲಿ ತೆರೆದ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ಸುಖಾಸೀನರಾಗಿರುವ, ಬಟ್ಟೆ ಅಂಗಡಿಯ ಮುಂಗಿಟಕಿಯ ಕುಮಾರಿ ಬೊಂಬೆಯವರ ಸನ್ನಿಧಾನಕ್ಕೆ, ಅದೇ ಅಂಗಡಿಯ ಕೋಟುಗಳ ಸಾಲಿನ ಕೊನೆಯಲ್ಲಿ, ಎಡಗಾಲಿನ ಭಾರವನ್ನು ಬಲಗಾಲಿಗೂ ಬಲಗಾಲಿನ ಭಾರವನ್ನು ಎಡಗಾಲಿಗೂ ವರ್ಗ ಮಾಡುತ್ತ ನಿಂತಿದ್ದ ಅರೆಕಾಲಿಕ ಹುಡುಗಿಯ ಸವಿನಯ ಅರಿಕೆ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ಕಾಲೇಜು ಮುಗಿದ ಕೂಡಲೇ ಓಡಿಬಂದು ನಾನು ದಿನವೂ ಮೊದಲು ಮಾಡುತ್ತಿದ್ದ ಕೆಲಸವೇ ತಮ್ಮ ಧೂಳು ಒರೆಸುವುದಾಗಿತ್ತು. ತಮ್ಮ ಮಂಡಿ, ಮೀನಖಂಡ, ಹಿಮ್ಮಡಿ ಇವು ಮೂರೂ ನುಣುಪಾಗಿ, ತಣ್ಣಗೆ, ನೋವೆಂಬುದರ ಗಂಧಗಾಳಿಯಿಲ್ಲದೆ ಇರುವುದನ್ನು ಒದ್ದೆ ಬಟ್ಟೆಯ ಮೂಲಕ ನನ್ನಷ್ಟು ಹತ್ತಿರದಿಂದ ಅರಿತವರು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ನನ್ನ ಕ್ಷೇಮದ ಮಾತೆತ್ತಿದರೆ, ಸೊಂಟದ ಮೇಲೆ ಒಂದು ಉತ್ತರವಿದೆ, ಕೆಳಗೆ ಬೇರೆಯೇ ಇದೆ. ಈ ಪತ್ರ ಕೆಳಗಿನದಕ್ಕೆ ಸಂಬಂಧಿಸಿದ್ದು.

ಸಹೋದ್ಯೋಗಿಗಳ ನಡುವಿನ ವಿಚಾರವನ್ನು ಹೀಗೆ ಊರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅದಕ್ಕೆ ಕಾರಣ ತಮ್ಮ ಮುಖ. ತಮ್ಮನ್ನು ಮಾಡಿದವರು ಮುಖದ ಜಾಗದಲ್ಲಿ ಮೊಟ್ಟೆಯಂಥದ್ದೊಂದನ್ನು ಇಟ್ಟು, ಕಣ್ಣು ಮೂಗು ಬಾಯಿಗಳ ತಾಪತ್ರಯವೇ ಬೇಡವೆಂದು ಕೈ ತೊಳೆದುಕೊಂಡಿರುವುದರಿಂದ, ಈ ಕಾಗದವನ್ನು ತಮ್ಮ ತೊಡೆಯ ಮೇಲಿಟ್ಟರೂ ತಾವು ಓದಲಾರಿರಿ. ದಾರಿಹೋಕರಲ್ಲಿ ಯಾರಾದರೂ ಪುಣ್ಯಾತ್ಮರು ಗಟ್ಟಿಯಾಗಿ ಓದಿ ಹೇಳಲಿ ಎಂಬ ಆಸೆಯಿಂದ ಶುರು ಮಾಡಿದೆ. ತಮಗೆ ಕಿವಿಯೂ ಇಲ್ಲವೆಂಬುದು ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ. ಇರಲಿ. ಎರಡೂ ಕಿವಿ ಇರುವ ಮೇಲಿನವರಿಗೆ ಹೇಳಿಕೊಂಡು ಏನಾಯಿತು ಎಂಬುದನ್ನೂ ನೋಡಿದ್ದೇನಲ್ಲ.

ನಾನು ಈ ಕೆಲಸಕ್ಕೆ ಹೇಗೆ ಬಂದೆನೆಂಬುದನ್ನು ತಾವು ತಿಳಿಯಬೇಕು. ತಾವಂತೂ ಪೆಟ್ಟಿಗೆಯಲ್ಲಿ ಬಂದಿರಿ. ನಾನು ಮನೆಯವರ ಮಹಾಸಭೆಯೊಂದನ್ನು ದಾಟಿ ಬಂದವಳು. ಕಾಲೇಜು ಓದುವ ಹುಡುಗಿ ಮಧ್ಯಾಹ್ನದ ಹೊತ್ತು ಒಂದು ಒಳ್ಳೆಯ ಕೆಲಸ ಹಿಡಿಯಬೇಕೆಂದು ತೀರ್ಮಾನವಾದದ್ದೇ ತಡ, ಒಳ್ಳೆಯ ಕೆಲಸ ಅಂದರೆ ಏನೆಂಬುದರ ಮೇಲೆ ಊಟದ ಮೇಜಿನ ಸುತ್ತ ನಡೆದ ಚರ್ಚೆಯಲ್ಲಿ ಸಾರು ತಣ್ಣಗಾಗಿ ಎರಡು ಸಲ ಬಿಸಿಯಾಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿ, ಮನೆಯಿಂದಲೇ ಒಯ್ದ ಮೆತ್ತೆಯ ಮೇಲೆ ಕೂತು ಉದ್ಯೋಗ ಮಾಡುವ ನನ್ನ ತಂದೆಯವರಿಗೆ ಬೇಕಾಗಿದ್ದದ್ದು ಮರ್ಯಾದೆ. ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್ಕಿನ ಮುಂದೆ ಹಲ್ಲಿನ ವೇಷ ತೊಟ್ಟು ಕರಪತ್ರ ಹಂಚುವ ಕೆಲಸವೊಂದು ಖಾಲಿಯಿದೆಯೆಂದು ನಾನು ಹೇಳಿದಾಗ, "ನನ್ನ ಮಗಳು ಏನು ಬೇಕಾದ್ರೂ ಆಗ್ಲಿ, ದವಡೆ ಹಲ್ಲು ಮಾತ್ರ ಆಗೋದು ಬೇಡ" ಎಂದು ಅವರು ತಟ್ಟೆ ಸರಿಸಿದರು. ಅಮ್ಮನಿಗೆ ಮನೆಗೆ ಹತ್ತಿರವಿದ್ದರೆ ಸಾಕಿತ್ತು. ಪಕ್ಕದ ಬೀದಿಯ ಅವಳಿ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಅವಳೇ ಎತ್ತಿ ಹೇಳಿದಳು, ಆದರೆ ಆ ಅವಳಿಗಳು ಹಿಂದಿನ ಮೇಷ್ಟ್ರನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿ ಬೀಗದ ಕೈಯನ್ನು ಮೀನಿನ ತೊಟ್ಟಿಗೆ ಹಾಕಿದ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿಯಾಗಿತ್ತು.

ಚಿಕ್ಕಪ್ಪನ ವಿಷಯ ಬೇರೆ. ಅವರು ಯಾವ ಕೆಲಸದಲ್ಲೂ ಚಳಿಗಾಲದಿಂದ ಬೇಸಿಗೆಯವರೆಗೆ ನಿಂತವರಲ್ಲ, ಆದ್ದರಿಂದ ಕೆಲಸ ಹುಡುಕುವ ವಿದ್ಯೆಯಲ್ಲಿ ನಮ್ಮ ಮನೆಯಲ್ಲಿ ಅವರೇ ಪಂಡಿತರು. "ನೋಡು ಮರಿ, ಜನರ ಜೊತೆ ಮಾತಾಡೋ ಕೆಲ್ಸ ಹಿಡಿ. ಕೇಳ್ಬೇಕಾದ್ದನ್ನೆಲ್ಲ ಮೊದಲ ದಿನಾನೇ ಕೇಳ್ಬಿಡು. ಎಷ್ಟೊತ್ತಿಗೆ ಬರ್ಬೇಕು, ಪರೀಕ್ಷೆ ಇದ್ರೆ ರಜಾ ಕೊಡ್ತೀರಾ, ಮುಂದೆ ಬೆಳೆಯೋಕೆ ಅವಕಾಶ ಇದ್ಯಾ. ಹೆದರ್ಕೋಬೇಡ" ಎಂದು ಅವರು ನನಗೆ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದರು. ಇಷ್ಟೆಲ್ಲ ನಡೆಯುವಾಗ ಮೂಲೆಯಲ್ಲಿ ಕಾಲು ನೀಡಿಕೊಂಡಿದ್ದ ಅಜ್ಜಿ ಒಂದೇ ಒಂದು ಮಾತು ಹೇಳಿದಳು: "ಕೂರೋಕೆ ಜಾಗ ಇದ್ಯಾ ಅಂತ ನೋಡೇ."

ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ನನ್ನ ಅಜ್ಜಿ ಹರೆಯದಿಂದ ನೆರೆಗೂದಲಿನವರೆಗೆ ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟು ಹರಿದವಳು. ಊರಿನವರೆಲ್ಲ ಕೂತು ನೋಡಿದ ಚಿತ್ರಗಳನ್ನೆಲ್ಲ ಅವಳು ಗೋಡೆಗೊರಗಿ ನಿಂತು ನೋಡಿದ್ದಾಳೆ. ಮ್ಯಾಟಿನಿಯಲ್ಲಿ ಎದುರಿಗೆ ಸಾಲು ಸಾಲು ಖಾಲಿ ಕುರ್ಚಿ ಬಿದ್ದಿದ್ದರೂ ಬಾಗಿಲಿನವಳು ಕೂರಬಾರದೆಂಬ ನಿಯಮವಿತ್ತಂತೆ. ಅವಳ ಮೀನಖಂಡಗಳ ಮೇಲೆ ನೀಲಿ ನರಗಳು ಹೆಣೆದುಕೊಂಡು ಉಬ್ಬಿವೆ. ಚಿಕ್ಕವಳಿದ್ದಾಗ ನಾನು ಅವುಗಳ ಮೇಲೆ ಬೆರಳಾಡಿಸಿ ಇದು ನದಿ, ಇದು ಉಪನದಿ ಎಂದು ಆಡುತ್ತಿದ್ದೆ.

ಹೀಗೆ ಸಕಲ ಸಿದ್ಧತೆಯೊಂದಿಗೆ ನಾನು ತಮ್ಮ ಅಂಗಡಿಗೆ ಬಂದಾಗ ಮಾಲೀಕರು ಎದ್ದು ನಿಂತು ಸ್ವಾಗತಿಸಿದರು. ದುಂಡನೆಯ ಮೆತ್ತೆಯಿದ್ದ ಒಂದು ಎತ್ತರದ ಸ್ಟೂಲನ್ನು ತಾವೇ ಎಳೆದುಕೊಟ್ಟು, "ಕೂತ್ಕೋಮ್ಮ, ಆರಾಮಾಗಿ ಕೂತ್ಕೊಂಡು ಮಾತಾಡೋಣ. ಓದೋ ಮಕ್ಕಳು ಅಂದ್ರೆ ನಂಗೆ ಪ್ರಾಣ" ಎಂದರು. ಚಿಕ್ಕಪ್ಪನ ಪ್ರಶ್ನೆಗಳನ್ನೆಲ್ಲ ನಾನು ಆ ಸ್ಟೂಲಿನ ಮೇಲಿಂದಲೇ, ಕಾಲು ಜೋಲಾಡಿಸುತ್ತ, ರಾಣಿಯಂತೆ ಕೇಳಿದೆ. ಎಲ್ಲದಕ್ಕೂ ಜೇನಿನಂಥ ಉತ್ತರ ಸಿಕ್ಕಿತು. ಅಜ್ಜಿಯ ಪ್ರಶ್ನೆಯನ್ನು ಕೇಳಲಿಲ್ಲ. ಯಾಕೆ ಕೇಳಲಿ? ಉತ್ತರದ ಮೇಲೆಯೇ ಕೂತಿದ್ದೆನಲ್ಲ.

ಮರುದಿನ ಆ ಸ್ಟೂಲು ಇರಲಿಲ್ಲ. ಉಗ್ರಾಣದ ಅಟ್ಟದ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿತ್ತು. ನಮ್ಮ ಮೇಲ್ವಿಚಾರಕಿ, ಸದಾ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡಿರುವುದರಿಂದ ನಾವೆಲ್ಲ ಟೇಪಕ್ಕ ಎಂದು ಕರೆಯುವ ಹಿರಿಯಳು, ನನ್ನ ಕಣ್ಣು ಅತ್ತ ಹೋದದ್ದನ್ನು ನೋಡಿ, "ಅದು ಸಂದರ್ಶನದ ಸ್ಟೂಲು ಕಣಮ್ಮ. ಸೇರೋವರೆಗೆ ಕೂರಿಸ್ತಾರೆ. ಸೇರಿದ ಮೇಲೆ ಯಾಕೆ?" ಎಂದು ಸಹಜವಾಗಿ ಕೇಳಿದಳು. ಅವಳೂ ಒಂದು ಕಾಲದಲ್ಲಿ ಅದೇ ಸ್ಟೂಲಿನ ಮೇಲೆ ಒಮ್ಮೆ ಕೂತವಳೇ.

ಮಾನ್ಯರೇ, ತಾವು ಬರುವ ಮೊದಲು ಆ ಅಂಗಡಿಯಲ್ಲಿ ಕೂರುವ ಹಕ್ಕು ಯಾರಿಗಿತ್ತೆಂಬುದನ್ನೂ ಹೇಳಿಬಿಡುತ್ತೇನೆ. ಒಂದು, ಗಲ್ಲಾಪೆಟ್ಟಿಗೆಯ ಹಿಂದೆ ಸುತ್ತುವ ಕುರ್ಚಿಯಲ್ಲಿ ಮಾಲೀಕರಿಗೆ. ಇನ್ನೊಂದು, ಬಟ್ಟೆ ತೊಟ್ಟು ನೋಡುವ ಕೋಣೆಗಳ ಎದುರಿನ ಉದ್ದ ಸೋಫಾದಲ್ಲಿ ಗಂಡಂದಿರಿಗೆ. ಹೆಂಡತಿ ಒಳಗೆ ಹೋದ ಕೂಡಲೇ ಅವಳ ಕೈಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು, ಬಾಯಿ ಅರ್ಧ ತೆರೆದು, ಪಕ್ಕದವನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗುವ ಆ ಸೌಭಾಗ್ಯವಂತರನ್ನು ನೋಡಿಯೇ ನನಗೆ ಗಂಡುಜನ್ಮದ ಮೇಲೆ ಮೊದಲ ಬಾರಿಗೆ ಅಸೂಯೆಯಾಯಿತು. ನಮಗೆ ಮಾದರಿಯಾಗಿ ತೋರಿಸುತ್ತಿದ್ದದ್ದು ತಮ್ಮ ಕುಲದವರನ್ನೇ, ಬಾಗಿಲ ಪಕ್ಕದ ನಿಂತ ಬೊಂಬೆಗಳನ್ನು. "ಬೆಳಿಗ್ಗೆಯಿಂದ ನಿಂತಿವೆ, ಮುಖದಲ್ಲಿ ಒಂಚೂರು ಬೇಜಾರು ಕಾಣ್ಸುತ್ತಾ ನೋಡಿ. ಇವುಗಳಿಂದ ಕಲೀರಿ" ಎಂದು ಮಾಲೀಕರು ಕುರ್ಚಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಉಪದೇಶಿಸುತ್ತಿದ್ದರು. ಮುಖವೇ ಇಲ್ಲದಲ್ಲಿ ಬೇಜಾರು ಎಲ್ಲಿ ಕೂರಬೇಕೆಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ನಾನು ಈ ಕೆಲಸ ಆರಿಸಿಕೊಂಡದ್ದೇ ಗಿರಾಕಿಯಿಲ್ಲದ ಹೊತ್ತಿನಲ್ಲಿ ಒಂದೆಡೆ ಕೂತು ಓದಿಕೊಳ್ಳಬಹುದೆಂದು. ಜೀವಶಾಸ್ತ್ರದ ಪರೀಕ್ಷೆ ಹತ್ತಿರ ಬರುತ್ತಿತ್ತು, ಹಿಂದಿನ ಸಲ ಅದರಲ್ಲಿ ಜಾರಿಬಿದ್ದಿದ್ದೆ, ಈ ಸಲವೂ ಜಾರಿದರೆ ವರ್ಷವೇ ಕೈಬಿಟ್ಟುಹೋಗುತ್ತಿತ್ತು. ಕೂರಲು ಆಗದಿದ್ದರೆ ನಿಂತೇ ಓದೋಣವೆಂದು, ಗಂಡಸರ ವಿಭಾಗದಲ್ಲಿ ಯಾರೂ ತಿರುಗಿಯೂ ನೋಡದ ಸಾಸಿವೆ ಬಣ್ಣದ ಕೋಟೊಂದನ್ನು ನನ್ನ ಗ್ರಂಥಾಲಯ ಮಾಡಿಕೊಂಡೆ. ಅದರ ಒಳಜೇಬಿನಲ್ಲಿ ಟಿಪ್ಪಣಿಯ ಹಾಳೆ ಇಟ್ಟು, ಕೋಟನ್ನು ಬ್ರಷ್ ಮಾಡುವ ನೆಪದಲ್ಲಿ ಜೇಬೊಳಗೆ ಇಣುಕಿ ಇಣುಕಿ ರಕ್ತ ಪರಿಚಲನೆಯ ಪಾಠವನ್ನು ಅರ್ಧ ಮುಗಿಸಿದ್ದೆ. ಅಂಥ ಕೋಟನ್ನೂ ಕೊಳ್ಳುವ ಪುಣ್ಯಾತ್ಮನೊಬ್ಬ ಲೋಕದಲ್ಲಿ ಇದ್ದಾನೆಂದು ನನಗೆ ಹೇಗೆ ಗೊತ್ತಾಗಬೇಕು?

ಅದು ಮಾರಿಹೋದ ಮಾರನೆಯ ದಿನ ಒಬ್ಬ ಹೆಂಗಸು ಆ ಕೋಟನ್ನು ಇಲಿಯ ಬಾಲ ಹಿಡಿದಂತೆ ಹಿಡಿದು, ಗಂಡನನ್ನು ಹಿಂದಿಟ್ಟುಕೊಂಡು ಬಂದಳು. "ಯಾರ್ರೀ ಅದು, ನಮ್ಮೋರ ಜೇಬಲ್ಲಿ ಹೃದಯ ಬರೆದಿಟ್ಟಿರೋಳು?" ಎಂದು ಅವಳು ಬಿಚ್ಚಿ ತೋರಿಸಿದ ಹಾಳೆಯಲ್ಲಿ ನನ್ನ ಹೃದಯದ ಚಿತ್ರವಿತ್ತು, ಕೋಣೆಗಳು, ಕವಾಟಗಳು, ಬಾಣದ ಗುರುತುಗಳೆಲ್ಲ ಸಮೇತ, ಕೆಳಗೆ ಕೆಂಪು ಶಾಯಿಯಲ್ಲಿ 'ಇದು ಖಂಡಿತ ಬರುತ್ತದೆ' ಎಂದು ಬರೆದು ಎರಡು ಗೆರೆ ಎಳೆದಿದ್ದೆ. "ಏನು ಬರುತ್ತೆ? ಎಲ್ಲಿಗೆ ಬರುತ್ತೆ? ಇವತ್ತು ತಿಳೀಬೇಕು ನಂಗೆ!" ಎಂದು ಆಕೆ ಕೇಳಿದರೆ, ಆ ಗಂಡ ಬಡಪಾಯಿ, "ನಂಗೇನ್ ಗೊತ್ತೇ, ಪರಿಚಲನೆ ಅಂತ ಇದೆ ನೋಡು, ಪರಿಚಲನೆ" ಎಂದು ತೊದಲುತ್ತಿದ್ದ. ಅದು ಪರೀಕ್ಷೆಯಲ್ಲಿ ಬರುವ ಪ್ರಶ್ನೆಯೆಂದು ನಾನು ಪಠ್ಯಪುಸ್ತಕ ತಂದು ತೋರಿಸಿ ಒಂದು ಸಂಸಾರವನ್ನು ಉಳಿಸಿದೆ. ನನ್ನ ಗ್ರಂಥಾಲಯ ಉಳಿಯಲಿಲ್ಲ. ಅಂದಿನಿಂದ ಅಂಗಡಿಯೊಳಗೆ ಕಾಗದ ಕಂಡರೆ ಜೋಕೆ ಎಂದು ಅಪ್ಪಣೆಯಾಯಿತು.

ಆಗಲೇ ನಾನು ಮಾಲೀಕರ ಎದುರು ನಿಂತು, ಓದುವುದು ಬೇಡ ಸರ್, ಗಿರಾಕಿಯಿಲ್ಲದಾಗ ಒಂದು ಗಳಿಗೆ ಕೂರುವುದಕ್ಕೆ ಆ ಸ್ಟೂಲನ್ನಾದರೂ ಕೆಳಗಿಳಿಸಿಕೊಡಿ, ಮನೆಗೆ ಹೋಗಿ ಓದಲು ಕೂತರೆ ಕಾಲಿನ ನೋವು ತಲೆಯವರೆಗೆ ಏರಿ ಅಕ್ಷರ ಕಾಣುವುದಿಲ್ಲ ಎಂದು ಬೇಡಿಕೊಂಡದ್ದು. ಅವರು ಕನಿಕರದಿಂದಲೇ ಕೇಳಿದರು. "ನೋಡಮ್ಮ, ಕೂತಿರೋ ಹುಡುಗೀನ ಕಂಡ್ರೆ ಗಿರಾಕಿಗೆ ಅಂಗಡಿ ಬಾಗ್ಲು ಹಾಕೋ ಹೊತ್ತಾಯ್ತು ಅನ್ಸುತ್ತೆ. ವ್ಯಾಪಾರದ ಸೂಕ್ಷ್ಮ ಇದು, ನಿಂಗೆ ಈಗ ಅರ್ಥ ಆಗಲ್ಲ" ಎಂದು ಅರ್ಧ ಸುತ್ತು ತಿರುಗಿ ನನಗೆ ಬೆನ್ನು ಹಾಕಿದರು.

ಅದೇ ವಾರ ಅಂಗಡಿಗೆ ಕುರ್ಚಿ ಬಂತು! ಮಾನ್ಯರೇ, ಆ ಗಳಿಗೆಯ ನನ್ನ ಸಂತೋಷವನ್ನು ತಾವು ನೋಡಬೇಕಾಗಿತ್ತು, ಆದರೆ ತಾವಿನ್ನೂ ಎರಡನೆಯ ಪೆಟ್ಟಿಗೆಯಲ್ಲಿ ತುಂಡು ತುಂಡಾಗಿದ್ದಿರಿ. ಮಖಮಲ್ಲಿನ ಮೈ, ಹಿತ್ತಾಳೆಯ ಮೊಳೆ, ತೋಳಿಡಲು ಕೆತ್ತಿದ ಮರ. ಮಾಲೀಕರ ಬಗ್ಗೆ ಮನಸ್ಸಿನಲ್ಲಿ ಆಡಿದ್ದ ಮಾತುಗಳನ್ನೆಲ್ಲ ಹಿಂತೆಗೆದುಕೊಂಡು, ಇಷ್ಟೊಂದು ಒಳ್ಳೆಯದು ಯಾಕೆ ತರಿಸಿದಿರಿ ಸರ್, ಸಾದಾ ಇದ್ದರೂ ಆಗುತ್ತಿತ್ತು ಎಂದು ಹೇಳಲು ನಾನು ಕೈ ಜೋಡಿಸುವಷ್ಟರಲ್ಲಿ ಟೇಪಕ್ಕ ಎರಡನೆಯ ಪೆಟ್ಟಿಗೆಯಿಂದ ಮೊದಲೇ ಮಡಿಸಿದ್ದ ಒಂದು ಜೊತೆ ಕಾಲನ್ನು ಹೊರಗೆಳೆದಳು.

ತಾವು ಕಿಟಕಿಯಲ್ಲಿ ಪ್ರತಿಷ್ಠಾಪಿತರಾದಿರಿ. ಬೆನ್ನಿಗೆ ಪುಸ್ತಕದ ಚೀಲ, ಮೈಮೇಲೆ ಹೊಸ ಕೋಟು, ಕೈಯಲ್ಲಿ ಪುಸ್ತಕ, ತಲೆಯ ಮೇಲೆ 'ಓದುವ ಮಕ್ಕಳಿಗಾಗಿಯೇ ಒಂದು ಅಂಗಡಿ' ಎಂಬ ಫಲಕ. ಆಗ ನನಗೆ ತಿಳಿಯಿತು: ತಾವು ವಿದ್ಯಾರ್ಥಿನಿ. ನಾನು ವಿದ್ಯಾರ್ಥಿನಿಯ ಧೂಳು ಒರೆಸುವವಳು. ತಮ್ಮ ಪುಸ್ತಕವನ್ನು ಒರೆಸುವಾಗ ಕುತೂಹಲ ತಡೆಯಲಾರದೆ ನೋಡಿದೆ. ಒಳಗೆ ಏನೂ ಇಲ್ಲ, ರಟ್ಟಿನ ಡಬ್ಬಿ, ಅದನ್ನೂ ತಲೆಕೆಳಗಾಗಿ ಹಿಡಿದುಕೊಂಡಿದ್ದಿರಿ. ಕಣ್ಣಿಲ್ಲದವರಿಗೆ ಕುರ್ಚಿ ಮತ್ತು ಪುಸ್ತಕ ಎರಡನ್ನೂ ಕೊಟ್ಟು, ಎರಡು ಕಣ್ಣಿರುವವಳ ಕೈಗೆ ಒದ್ದೆ ಬಟ್ಟೆ ಕೊಟ್ಟ ಈ ವ್ಯವಸ್ಥೆಯ ಸೊಗಸಿಗೆ ನಾನು ಮಾರುಹೋದೆ.

ತಮ್ಮ ಯೋಗ್ಯತೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ನನಗಿಂತ ತಡವಾಗಿ ಸೇರಿ ನನಗಿಂತ ಮುಂದೆ ಹೋಗಬೇಕಾದರೆ ಏನೋ ವಿಶೇಷ ಇರಲೇಬೇಕು. ತಾವು ನೀರು ಕುಡಿಯುವುದಿಲ್ಲ, ಆದ್ದರಿಂದ ಅದರ ಮುಂದಿನ ಕೆಲಸಕ್ಕೂ ಅನುಮತಿ ಕೇಳುವುದಿಲ್ಲ. ಪರೀಕ್ಷೆಗೆ ರಜೆ ಬೇಡುವುದಿಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆಂದು ತಮಗೊಂದು ಪರದೆಯನ್ನೂ ಹಾಕಿಸಿದ್ದಾರೆ. ಹೀಗಾಗಿ ಮುಂದೆ ಬೆಳೆಯಲು ಅವಕಾಶವಿದೆಯೇ ಎಂಬ ಚಿಕ್ಕಪ್ಪನ ಪ್ರಶ್ನೆಗೆ ಖಂಡಿತ ಇದೆ, ಆದರೆ ಪ್ಲಾಸ್ಟಿಕ್ಕಿನವರಾಗಿರಬೇಕು ಎಂದು ಈಗ ಉತ್ತರಿಸಬಲ್ಲೆ. ನನ್ನ ಬೇಡಿಕೆಗಳಾದರೂ ಸಣ್ಣವೇ ಆಗಿದ್ದವು. ಮಧ್ಯಾಹ್ನದಲ್ಲಿ ಒಂದು ಗಳಿಗೆ ತಾವು ಎದ್ದು ಆಕಡೆ ಈಕಡೆ ಓಡಾಡಿ ಬರಬಹುದಿತ್ತು. ಕೂತೂ ಕೂತೂ ತಮಗೂ ಬೇಸರವಲ್ಲವೇ? ಏಳಲು ಆಗದಿದ್ದರೆ ತುಸು ಸರಿದು ಕೂತಿದ್ದರೂ ಸಾಕಿತ್ತು, ನಾನು ಅರ್ಧ ಅಂಚಿನಲ್ಲಿ ಹೊಂದಿಕೊಳ್ಳುತ್ತಿದ್ದೆ. ಅದೂ ಆಗದಿದ್ದರೆ, ಓದುವ ಹುಡುಗಿಯೆಂದು ಊರಿಗೆಲ್ಲ ತೋರಿಸಿಕೊಂಡ ಮೇಲೆ, ನನ್ನ ಬದಲಿಗೆ ಪರೀಕ್ಷೆಗಾದರೂ ತಾವೇ ಕೂರಬೇಕಾಗಿತ್ತು.

ಇನ್ನು, ಪರೀಕ್ಷೆಯ ಹಿಂದಿನ ದಿನ ತಮ್ಮ ಅನುಪಸ್ಥಿತಿಯಲ್ಲಿ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು. ಆ ಮಧ್ಯಾಹ್ನ ತಮ್ಮ ಕೋಟಿನ ತೋಳು ಬಿಚ್ಚಿದ್ದರಿಂದ ಟೇಪಕ್ಕ ತಮ್ಮನ್ನು ಕಂಕುಳಲ್ಲಿ ಇರುಕಿಕೊಂಡು ದರ್ಜಿಯ ಕೋಣೆಗೆ ಹೊತ್ತೊಯ್ದಳು. ಖಾಲಿ ಕುರ್ಚಿಯನ್ನು ಒರೆಸಲು ನಾನು ಕಿಟಕಿಯೊಳಗೆ ಹತ್ತಿದೆ. ಒರೆಸಿದೆ. ಮತ್ತೊಮ್ಮೆ ಒರೆಸಿದೆ. ಆಮೇಲೆ, ಮಾನ್ಯರೇ, ಕೂತೆ. ಪಠ್ಯಪುಸ್ತಕ ಹೊಟ್ಟೆಯ ಹತ್ತಿರ, ಅಂಗಡಿಯವರು ನಮಗೆ ತೊಡಿಸುತ್ತಿದ್ದ ಕೋಟಿನೊಳಗೇ ಇತ್ತು, ತೆಗೆದೆ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಗಾಜಿನಾಚೆ ಜನ ಸೇರಿದ್ದರು. "ಹೊಸ ಬೊಂಬೆಗೆ ಮೂಗೂ ಇಟ್ಟಿದ್ದಾರೆ ನೋಡೇ!" "ಉಸಿರಾಡೋ ಹಾಗೆ ಮಾಡ್ಸಿದ್ದಾರೆ ಕಣೋ, ಮೋಟ್ರು ಇರ್ಬೇಕು." "ಸ್ವಲ್ಪ ದಪ್ಪ ಆಯ್ತು, ಬೊಂಬೆ ಅಂದ್ಮೇಲೆ ತೆಳ್ಳಗಿರ್ಬೇಕಪ್ಪ." ಹೆದರಿ ಕಲ್ಲಾದೆ. ಅಷ್ಟರಲ್ಲಿ ಇಬ್ಬರು ಒಳಗೆ ಬಂದು, ಆ ಕೂತಿರುವ ಬೊಂಬೆ ಹಾಕಿಕೊಂಡಿರುವಂಥದ್ದೇ ಕೋಟು ಬೇಕೆಂದು ಕೇಳಿ ಕೊಂಡೂಬಿಟ್ಟರು.

ಮಾಲೀಕರು ಬಂದು ನೋಡಿದಾಗ ಬೈಯುತ್ತಾರೆಂದುಕೊಂಡೆ. ಅವರ ಮುಖ ಅರಳಿತ್ತು. ಕಿಟಕಿಯ ಹಿಂದಿನ ಪುಟ್ಟ ಬಾಗಿಲಲ್ಲಿ ತಲೆ ತೂರಿಸಿ ಪಿಸುಗುಟ್ಟಿದರು: "ಭೇಷ್! ಇನ್ಮೇಲೆ ನಿಂಗೆ ಇದೇ ಡ್ಯೂಟಿ. ಕುರ್ಚಿ ಕುರ್ಚಿ ಅಂತಿದ್ದೆಯಲ್ಲ, ತಗೋ ಕುರ್ಚಿ. ಪುಸ್ತಕಾನೂ ಇಟ್ಕೋ. ಪುಟ ಮಾತ್ರ ತಿರುವಬೇಡ, ನಿಜವಾದ ಹುಡುಗಿ ಅಂತ ಗೊತ್ತಾಗ್ಬಿಡುತ್ತೆ."

ಹೀಗೆ ನನಗೆ ಬಡ್ತಿಯಾಯಿತು. ಕುರ್ಚಿ ಸಿಕ್ಕಿತು, ಪುಸ್ತಕ ಸಿಕ್ಕಿತು, ಒಂದು ಪುಟವೂ ಸಿಕ್ಕಿತು. ಪಾದದಲ್ಲಿರುವ ರಕ್ತ ಹೃದಯಕ್ಕೆ ಮರಳಿ ಏರಬೇಕಾದರೆ ಮೀನಖಂಡದ ಸ್ನಾಯುಗಳು ಹಿಂಡಿ ಮೇಲೆ ತಳ್ಳಬೇಕು, ಅಲ್ಲಾಡದೆ ನಿಂತೇ ಇರುವವರಲ್ಲಿ ಅದು ಕೆಳಗೇ ಉಳಿದು ರಕ್ತನಾಳಗಳು ಉಬ್ಬುತ್ತವೆ ಎಂಬಲ್ಲಿಗೆ ಪುಟ ಮುಗಿಯುತ್ತಿತ್ತು. ಮುಂದೇನಾಗುತ್ತದೆಂಬುದು ಹಿಂಬದಿಯಲ್ಲಿತ್ತು. ಅಜ್ಜಿಯ ಕಾಲಿನ ನದಿ ಉಪನದಿಗಳು ಕಣ್ಣೆದುರು ಬಂದವು. ನಾನು ಆ ಸಾಲನ್ನು ಮತ್ತೆ ಮತ್ತೆ ಓದುತ್ತ, ಮರುದಿನದ ಪರೀಕ್ಷೆಗೂ ನನಗೂ ನಡುವೆ ಇರುವುದು ಈ ಒಂದು ಹಾಳೆಯ ದಪ್ಪವೆಂದು ಯೋಚಿಸುತ್ತ, ಬೆರಳು ಅಲ್ಲಾಡಿಸದೆ ಕೂತೆ.

ಆಗ ಗಾಜಿನ ಮೇಲೆ ಊರುಗೋಲಿನಿಂದ ಟಕಟಕ ಸದ್ದಾಯಿತು. ಔಷಧಿ ತರಲು ಬಂದಿದ್ದ ಅಜ್ಜಿ ಮೂಗನ್ನು ಗಾಜಿಗೊತ್ತಿ, ಸುತ್ತಲಿನವರಿಗೆಲ್ಲ ಕೇಳುವಂತೆ, "ಅಂತೂ ಕೂರಿಸಿದ್ರಲ್ಲೇ! ನಮ್ಮ ಹುಡುಗಿ ಇವಳು. ನಮ್ಮ ಹುಡುಗಿ!" ಎಂದು ಸಾರುತ್ತಿದ್ದಳು. ನಾನು ಅಲ್ಲಾಡಲಿಲ್ಲ. ಅವಳು ಕೈ ಬೀಸಿದಳು, ಅಲ್ಲಾಡಲಿಲ್ಲ. ನಾಲಗೆ ಚಾಚಿ ಅಣಕಿಸಿದಳು, ಅಲ್ಲಾಡಲಿಲ್ಲ. ಆಗ ಅವಳ ನಗು ಇಳಿಯಿತು. ಸ್ವಲ್ಪ ಹೊತ್ತು ನನ್ನ ಕೈಯಲ್ಲಿದ್ದ ಪುಟವನ್ನೇ ನೋಡಿ, ಊರುಗೋಲನ್ನು ಕಂಕುಳಿಗೆ ಸೇರಿಸಿಕೊಂಡು ಅಂಗಡಿಯ ಬಾಗಿಲು ತಳ್ಳಿದಳು.

ತಾವು ದರ್ಜಿಯ ಮೇಜಿನ ಮೇಲೆ ತೋಳಿಲ್ಲದೆ ಮಲಗಿದ್ದರಿಂದ ಮುಂದಿನ ಭಾಗ ತಪ್ಪಿಹೋಯಿತು, ಅದು ತಮ್ಮ ದುರದೃಷ್ಟ. ಅಜ್ಜಿ ನೇರ ಮಾಲೀಕರ ಹತ್ತಿರ ಹೋಗಿ ತನಗೊಂದು ಕೋಟು ಬೇಕೆಂದಳು. ಬೇಕಾದಷ್ಟು ನೋಡಿ ಅಮ್ಮಾ ಎಂದು ಅವರು ಹಲ್ಲುಬಿಟ್ಟರು. "ನೋಡ್ತೀನಪ್ಪ. ನನ್ನ ಚೀಲ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ, ನನ್ನ ಮೊಮ್ಮಗಳು ಬಂದಿದ್ದಾಳೆ" ಎಂದು ಅವಳು ಕಿಟಕಿಯತ್ತ ಊರುಗೋಲು ತೋರಿಸಿದಳು. ಅವಳು ನಮ್ಮ ಕೆಲಸದ ಹುಡುಗಿ, ಸೋಫಾದ ಮೇಲೆ ಕೂರುವ ಹಾಗಿಲ್ಲ ಎಂದು ಅವರು ವಿವರಿಸಲು ಹೊರಟರೆ, "ಈಗ ಗಿರಾಕಿ ಕಡೆಯೋಳು. ಅಲ್ನೋಡಿ, ಅಷ್ಟೊಂದು ಗಂಡಸರು ಗೊರಕೆ ಹೊಡೀತಿದ್ದಾರೆ, ಅವ್ರಲ್ಲಿ ಯಾರು ಏನ್ ಕೊಂಡಿದ್ದಾರೆ?" ಎಂದಳು. ಅವರು ವ್ಯಾಪಾರದ ಸೂಕ್ಷ್ಮವನ್ನು ನುಂಗಿಕೊಂಡು, ಇಳಿದು ಬಾ ಎಂದು ನನಗೆ ಕೈಮಾಡಿದರು.

ನಾನು ಕಿಟಕಿಯಿಂದ ಇಳಿದದ್ದಕ್ಕೆ ಬೀದಿಯಲ್ಲಿ ಚಪ್ಪಾಳೆ ಬಿತ್ತು. ಗಂಡಂದಿರಲ್ಲೊಬ್ಬರು ಎಚ್ಚರವಾಗಿ ಸರಿದು ಜಾಗ ಕೊಟ್ಟರು. ಅಜ್ಜಿಯ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಪುಸ್ತಕವಿಟ್ಟುಕೊಂಡು, ಪುಟ ತಿರುವಿದೆ.

ಆ ಮಧ್ಯಾಹ್ನ ಅಜ್ಜಿ ತೊಡದ ಕೋಟು ಅಂಗಡಿಯಲ್ಲಿ ಉಳಿಯಲಿಲ್ಲ. ಒಂದು ಬೆನ್ನಲ್ಲಿ ಹಿಡಿಯುತ್ತಿತ್ತು, ಒಂದರ ಗುಂಡಿಗಳು ಉರಿಗಣ್ಣು ಬಿಟ್ಟಂತಿದ್ದವು, ಒಂದು ಚೆನ್ನಾಗಿಯೇ ಇತ್ತು, "ಆದ್ರೆ ವಯಸ್ಸಾದ ಹಾಗೆ ಕಾಣ್ಸುತ್ತೆ" ಎಂದು ಅವಳು ಅದನ್ನೂ ತೆಗೆದಳು. ಪ್ರತಿ ಸಲವೂ ಹೊರಗೆ ಬಂದು ಸೋಫಾದ ಗಂಡಂದಿರ ಮುಂದೆ ಒಂದು ಸುತ್ತು ತಿರುಗಿ ಅಭಿಪ್ರಾಯ ಕೇಳಿದಳು. ತಮ್ಮ ಹೆಂಡತಿಯರಿಗೂ ಹೇಳದಷ್ಟು ಪ್ರಾಮಾಣಿಕವಾಗಿ ಅವರು ಉತ್ತರಿಸಿದರು. ನಾನು ಒಂದೊಂದು ಕೋಟಿಗೆ ಒಂದೊಂದು ಪಾಠ ಮುಗಿಸುತ್ತ ಹೋದೆ. ಕೊನೆಗೆ ಅಂಚಿನ ಅಳತೆ ಹಿಡಿಯಲು ಟೇಪಕ್ಕ ಬಗ್ಗಿದಾಗ ಅವಳ ಮಂಡಿ ಲಟಕ್ಕೆಂದಿತು. ಅಜ್ಜಿ ಕೆಳಗೆ ನೋಡಿದಳು. "ನೀನೂ ಒಂದು ಗಳಿಗೆ ಕೂತ್ಕೊಳೇ ತಾಯಿ. ನೀನು ಹೀಗೆ ಬಗ್ಗಿದ್ರೆ ನಂಗೆ ಕೋಟಿನ ಮೇಲೆ ಮನಸ್ಸೇ ನಿಲ್ಲಲ್ಲ" ಎಂದಳು. ಟೇಪಕ್ಕ ಮಾಲೀಕರ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು, ಆಮೇಲೆ ನನ್ನ ಪಕ್ಕದಲ್ಲಿ, ಸೋಫಾ ಮುರಿದುಹೋಗುತ್ತದೇನೋ ಎಂಬಂತೆ, ತುದಿಯಲ್ಲಿ ಕೂತಳು. ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಏನನ್ನೂ ಕೊಳ್ಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಮಾಲೀಕರು ನನ್ನನ್ನು ಕರೆದು, ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಓದಮ್ಮ. ಓದೋ ಮಕ್ಕಳು ಅಂದ್ರೆ ನಂಗೆ ಪ್ರಾಣ. ನಾಳೆಯಿಂದ ಬರೋದು ಬೇಡ" ಎಂದು ಆಶೀರ್ವದಿಸಿದರು.

ಮರುದಿನ ಪರೀಕ್ಷೆಯ ಕೊಠಡಿಯಲ್ಲಿ ನನ್ನ ಸಂಖ್ಯೆ ಬರೆದಿದ್ದ, ಒಂದು ಕಾಲು ಕುಂಟುವ ಮರದ ಕುರ್ಚಿಯೊಂದು ನನಗಾಗಿ ಕಾದಿತ್ತು. ಅದರ ಮೇಲೆ ಕೂತ ಸುಖಕ್ಕೆ ನನ್ನ ಮುಖದಲ್ಲಿ ಮೂಡಿದ ನಗೆಯನ್ನು ನೋಡಿ ಕೊಠಡಿಯ ಮೇಲ್ವಿಚಾರಕರಿಗೆ ಸಂಶಯ ಬಂದು, ಚೀಟಿಯೇನಾದರೂ ಇದೆಯೇ ಎಂದು ತೋಳು ಮಡಿಚಿಸಿ ಪರೀಕ್ಷಿಸಿದರು. ಕಾಲಿನ ರಕ್ತ ಹೃದಯಕ್ಕೆ ಹೇಗೆ ಮರಳುತ್ತದೆ ಎಂಬ ಪ್ರಶ್ನೆ ಬಂದಿತ್ತು. ಪುಟದ ಎರಡೂ ಬದಿಯನ್ನು ಬರೆದೆ. ಪಾಸಾದೆ.

ಈಗ ನಾನು ಬೇರೆ ಕೆಲಸದಲ್ಲಿದ್ದೇನೆ. ಈ ಸಲ ಅಜ್ಜಿಯ ಪ್ರಶ್ನೆಯನ್ನೇ ಮೊದಲು ಕೇಳಿದೆ. ಕೂರಲು ಖಂಡಿತ ಜಾಗವಿದೆ ಎಂದರು. ಪಕ್ಕದ ಬೀದಿಯ ಅವಳಿಗಳ ಮನೆ. ಮೊದಲ ದಿನವೇ ಅವರು ನನ್ನ ಕುರ್ಚಿಗೆ ಗೋಂದು ಬಳಿದಿಟ್ಟಿದ್ದರು. ಪಾಠ ಮುಗಿದು ಹೊತ್ತಾದರೂ ನಾನು ಏಳಲಾಗದೆ, ಕೊನೆಗೆ ಕುರ್ಚಿಯ ಸಮೇತ ಮನೆಗೆ ನಡೆದು ಬಂದಾಗ, ಅಪ್ಪ ಮರ್ಯಾದೆಯ ಬಗ್ಗೆ ಬಾಯಿ ತೆರೆಯುವ ಮೊದಲೇ ಅಜ್ಜಿ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕಣೇ ಕೆಲ್ಸ ಅಂದ್ರೆ" ಎಂದಳು.

ತಮ್ಮ ಮಂಡಿಯ ಮೇಲೆ ಈಗ ಕೂತಿರಬಹುದಾದ ಧೂಳನ್ನು ನೆನೆದು ಮರುಗುವ,
ತಮ್ಮ ವಿಶ್ವಾಸಿ,
ಮಾಜಿ ಬೊಂಬೆ

ತಾಜಾಕಲಂ: ಅಂಗಡಿಯ ಮುಂದೆ ನಿನ್ನೆ ಹಾದುಹೋದೆ. ಸೋಫಾಕ್ಕೆ ಹಗ್ಗ ಕಟ್ಟಿ 'ಗಂಡಂದಿರಿಗೆ ಮಾತ್ರ' ಎಂಬ ಫಲಕ ತೂಗುಹಾಕಿದ್ದಾರೆ; ತಮ್ಮನ್ನು ಯಾರೂ ಏಳಿಸದಂತೆ ಕುರ್ಚಿಗೆ ತಿರುಪು ಹಾಕಿ ಬಿಗಿದಿದ್ದಾರೆಂದು ಟೇಪಕ್ಕ ಹೇಳಿದಳು, ಅಭಿನಂದನೆಗಳು, ಅಂಗಡಿಯಲ್ಲಿ ಕಾಯಂ ಆದದ್ದು ತಾವೊಬ್ಬರೇ. ಒಳಗೆ ಉಗ್ರಾಣದ ಆ ಸ್ಟೂಲು ಕೆಳಗಿಳಿದಿತ್ತು, ಅದರ ಮೇಲೆ ನನ್ನಂಥವಳೇ ಒಬ್ಬಳು ಕಾಲು ಜೋಲಾಡಿಸುತ್ತ ಕೂತು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಗಾಜು ತಟ್ಟಿದೆ, ಅವಳು ತಿರುಗಲಿಲ್ಲ. ತಾವು ಅವಳಿಗೆ ಎದುರಾಗಿಯೇ ಇದ್ದೀರಿ. ಬಾಯಿಲ್ಲದಿದ್ದರೆ ಬೇಡ, ಆ ರಟ್ಟಿನ ಪುಸ್ತಕವನ್ನು ಒಮ್ಮೆ ಧೊಪ್ಪನೆ ಕೆಳಗೆ ಬೀಳಿಸಿ. ಅದನ್ನು ಎತ್ತಿಕೊಳ್ಳಲು ಅವಳು ಎದ್ದಾಗಲಾದರೂ, ಹಿಂದಿರುಗಿ ನೋಡಿದರೆ ಸ್ಟೂಲು ಇನ್ನೂ ಅಲ್ಲೇ ಇರುತ್ತದೆಯೇ ಎಂಬುದು ಅವಳಿಗೆ ತಿಳಿಯಲಿ.